ಹಸಿರು ದೀಪ ಉರಿಯುತ್ತಿತ್ತು, ಬಿಲ್ ಮಾತ್ರ ಬರುತ್ತಿರಲಿಲ್ಲ: ಡೇಟಾಬೇಸ್ ಮೇಲೆ ಕಣ್ಣಿಡೋದು ಹೇಗೆ

ಮಧ್ಯಾಹ್ನ ಒಂದೂಕಾಲಿಗೆ ಫೋನ್ ಬಂತು. ಬಿಲ್ಲಿಂಗ್ ಆ್ಯಪ್ ಸುತ್ತುತ್ತಲೇ ಇದೆ, ಕೌಂಟರ್ ಮುಂದೆ ಸರಕು ತುಂಬಿಕೊಂಡ ಗಾಡಿಗಳು ನಿಂತಿವೆ, ಒಂದು ಬಿಲ್ಲೂ ಆಚೆ ಬರುತ್ತಿಲ್ಲ. ನನ್ನ ಬಲಗೈಯಲ್ಲಿ ಸಾರನ್ನ, ಎಡಗೈಯಲ್ಲಿ ಮೊಬೈಲ್. ಹೆಬ್ಬೆರಳಲ್ಲೇ ಮಾನಿಟರಿಂಗ್ ಪೇಜ್ ತೆಗೆದು ನೋಡಿದೆ. ಎಲ್ಲಾ ಹಸಿರು. ಪಿಂಗ್ ಸರಿಯಿದೆ. ಡೇಟಾಬೇಸ್‌ನ ಬಾಗಿಲು, 5432 ಪೋರ್ಟ್, ತೆರೆದಿದೆ. ಡೇಟಾಬೇಸ್‌ಗೆ ನಿಮಿಷಕ್ಕೊಮ್ಮೆ ಕಳಿಸುವ ಪರೀಕ್ಷೆಯ ಕ್ವೆರಿ, ಅಂದರೆ ಒಂದು ಪುಟ್ಟ ಪ್ರಶ್ನೆ, 1 ಮಿಲಿಸೆಕೆಂಡ್‌ನಲ್ಲಿ ಉತ್ತರ ತರುತ್ತಿದೆ. ಸಿಪಿಯು ಶೇಕಡಾ 4. "ನಮ್ಮ ಕಡೆ ಎಲ್ಲಾ ಸರಿಯಾಗಿದೆ, ನಿಮ್ಮ ಇಂಟರ್ನೆಟ್ ಒಮ್ಮೆ ನೋಡಿ" ಅಂದುಬಿಟ್ಟೆ.

ತೊಂದರೆ ಇದ್ದದ್ದು ನಮ್ಮ ಕಡೆಯೇ. ಅದನ್ನು ಮಾಡಿದ್ದೂ ನಾನೇ. ಹೇಗೆ ಅಂತ ಮುಂದೆ ಹೇಳುತ್ತೇನೆ, ಮೊದಲು ಆ ಹಸಿರು ದೀಪ ಯಾಕೆ ಸುಳ್ಳು ಹೇಳಿತು ನೋಡೋಣ. ನಾನು ಇಲ್ಲಿ ಮಾತಾಡುವುದು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಬಗ್ಗೆ, ದಿನಾ ಕೈಯಾಡಿಸುವುದು ಅದರಲ್ಲೇ. ಮೈಎಸ್‌ಕ್ಯೂಎಲ್ ಇಟ್ಟುಕೊಂಡವರಿಗೂ ಮುಕ್ಕಾಲು ಪಾಲು ಹಾಗೇ ಅನ್ವಯಿಸುತ್ತದೆ, ಹೆಸರುಗಳಷ್ಟೇ ಬೇರೆ.

ಬೆಂಗಳೂರಿನ ಯಾವುದಾದರೂ ದರ್ಶಿನಿ ನೆನಪು ಮಾಡಿಕೊಳ್ಳಿ. ಅದು "ಓಪನ್ ಇದೆಯಾ" ಅಂತ ಯಾರಾದರೂ ಕೇಳಿದರೆ ನಾಲ್ಕು ರೀತಿಯಲ್ಲಿ ನೋಡಿ ಹೇಳಬಹುದು. ಕಟ್ಟಡ ಇನ್ನೂ ನಿಂತಿದೆಯಾ ಅಂತ ರಸ್ತೆಯಿಂದಲೇ ನೋಡುವುದು ಒಂದು. ಅದು ಪಿಂಗ್. ಷಟರ್ ಎತ್ತಿದೆಯಾ ಅಂತ ನೋಡುವುದು ಇನ್ನೊಂದು. ಅದು ಪೋರ್ಟ್ ಪರೀಕ್ಷೆ. ಕೌಂಟರ್‌ಗೆ ಹೋಗಿ "ಸಾರ್" ಅಂದಾಗ ಕ್ಯಾಶಿಯರ್ ತಲೆ ಎತ್ತುತ್ತಾನಾ ಅನ್ನುವುದು ಮೂರನೆಯದು. ಅದೇ "ಸೆಲೆಕ್ಟ್ 1". ನಾಲ್ಕನೆಯದು, ಟೋಕನ್ ತಗೊಂಡು, ಕಟ್ಟೆ ಹತ್ತಿರ ನಿಂತು, ದೋಸೆ ಕೈಗೆ ಬರೋವರೆಗೂ ಕಾಯುವುದು. ಗಿರಾಕಿಗೆ ಬೇಕಿರುವುದು ಈ ನಾಲ್ಕನೆಯದು ಮಾತ್ರ. ನಾವು ಇಡುವ ಮಾನಿಟರಿಂಗ್ ಮಾತ್ರ ಸಾಮಾನ್ಯವಾಗಿ ಮೂರನೆಯದಕ್ಕೇ ಸುಸ್ತಾಗಿ ನಿಂತುಬಿಡುತ್ತದೆ.

"ಸೆಲೆಕ್ಟ್ 1" ಅನ್ನುವ ಕ್ವೆರಿ ನಿಮ್ಮ ಯಾವ ಟೇಬಲ್ಲನ್ನೂ ಮುಟ್ಟುವುದಿಲ್ಲ. ಅದಕ್ಕೆ ಡಿಸ್ಕ್‌ನಲ್ಲಿರುವ ನಿಮ್ಮ ಡೇಟಾ ಬೇಕಿಲ್ಲ, ನಿಮ್ಮ ಟೇಬಲ್‌ಗಳ ಲಾಕ್ (ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡ ಬರದಂತೆ ಹಾಕುವ ಬೀಗ) ಬೇಕಿಲ್ಲ, ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಬೇಕಿಲ್ಲ. ಒಂದು ಅಂಕಿ ಕೊಟ್ಟರೆ ಅದೇ ಅಂಕಿ ವಾಪಸ್ ಕೊಡುತ್ತದೆ, ಅಷ್ಟೇ. ಪೋಸ್ಟ್‌ಗ್ರೆಸ್ ಜೊತೆ ಬರುವ ಪಿಜಿ_ಈಸ್‌ರೆಡಿ ಅನ್ನುವ ಕಮಾಂಡ್ ಇದಕ್ಕಿಂತಲೂ ಕಮ್ಮಿ ಕೆಲಸ ಮಾಡುತ್ತದೆ. ಅದಕ್ಕೆ ಸರಿಯಾದ ಯೂಸರ್ ಹೆಸರು, ಪಾಸ್‌ವರ್ಡ್ ಕೂಡ ಬೇಕಿಲ್ಲ, ಸರ್ವರ್ ಕನೆಕ್ಷನ್ ತಗೊಳ್ಳೋ ಸ್ಥಿತಿಯಲ್ಲಿದೆಯಾ ಅಂತ ಮಾತ್ರ ಹೇಳುತ್ತದೆ: 0 ಅಂದರೆ ತಗೊಳ್ಳುತ್ತಿದೆ, 1 ಅಂದರೆ ಜೀವಂತ ಇದೆ ಆದರೆ ಬೇಡ ಅನ್ನುತ್ತಿದೆ (ಈಗಷ್ಟೇ ಏಳುತ್ತಿರುವಾಗ ಹೀಗಾಗುತ್ತದೆ), 2 ಅಂದರೆ ಉತ್ತರವೇ ಇಲ್ಲ. ಇವೆಲ್ಲ ಬೇಡ ಅಂತಲ್ಲ. ಕೆಟ್ಟಾಗ ಎಲ್ಲಿ ಕೆಟ್ಟಿದೆ ಅಂತ ಹುಡುಕಲು ಇವು ಬೇಕೇಬೇಕು. ಇವನ್ನೇ ನಂಬಿ "ಡೇಟಾಬೇಸ್ ಸರಿಯಿದೆ" ಅನ್ನುವುದು ತಪ್ಪು, ನನ್ನಂತೆ.

ನಾಲ್ಕನೇ ಪರೀಕ್ಷೆ ಇಡುವುದು ಕಷ್ಟವೇನಲ್ಲ. ಹಾರ್ಟ್‌ಬೀಟ್ ಅಂತ ಒಂದು ಪುಟ್ಟ ಟೇಬಲ್, ಅದರಲ್ಲಿ ಒಂದೇ ಸಾಲು. 30 ಸೆಕೆಂಡಿಗೊಮ್ಮೆ ಆ ಸಾಲಿಗೆ ಈಗಿನ ಸಮಯ ಬರೆಯುವುದು, ಓದಿ ನೋಡುವುದು. ಜೊತೆಗೆ ಆ್ಯಪ್ ನಿಜವಾಗಿ ಬಳಸುವ ಮುಖ್ಯ ಟೇಬಲ್‌ನಿಂದ, ನಮ್ಮಲ್ಲಿ ಅದು ಬಿಲ್ ಟೇಬಲ್, ಪ್ರೈಮರಿ ಕೀ (ಪ್ರತಿ ಸಾಲಿಗೂ ಇರುವ ಬೇರೆ ಬೇರೆ ಗುರುತು) ಹಿಡಿದು ಒಂದೇ ಒಂದು ಸಾಲು ತೆಗೆಯುವುದು. ಇಷ್ಟಕ್ಕೂ 3 ಸೆಕೆಂಡಿನ ಗಡುವು, ದಾಟಿದರೆ ಫೇಲ್ ಅಂತ ಲೆಕ್ಕ. ಬರೆಯುವ ಪರೀಕ್ಷೆ ಯಾಕೆ ಬೇಕು ಅಂದರೆ, ಡಿಸ್ಕ್ ತುಂಬಿದಾಗ ಓದುವುದು ಸ್ವಲ್ಪ ಹೊತ್ತು ನಡೆಯುತ್ತಲೇ ಇರಬಹುದು. ಫೇಲ್‌ಓವರ್ ಆಗಿ (ಒಂದು ಸರ್ವರ್ ಕೆಟ್ಟಾಗ ಕೆಲಸ ಇನ್ನೊಂದಕ್ಕೆ ಹೋಗುವುದು) ನಿಮ್ಮ ಆ್ಯಪ್ ಓದಲಿಕ್ಕೆ ಮಾತ್ರ ಬಿಡುವ ಸರ್ವರ್‌ಗೆ ಹೋಗಿ ಕೂತಿದ್ದರೂ ಓದುವ ಪರೀಕ್ಷೆಗೆ ಅದು ಗೊತ್ತಾಗುವುದಿಲ್ಲ. ಇನ್ನೊಂದು ಲಾಭವೂ ಇದೆ: ನಕಲು ಸರ್ವರ್ ಇದ್ದರೆ ಅದೇ ಹಾರ್ಟ್‌ಬೀಟ್ ಸಾಲನ್ನು ಅಲ್ಲಿ ಓದಿ, ಎಷ್ಟು ಹಳೆಯ ಸಮಯ ಕಾಣಿಸುತ್ತದೆ ಅಂತ ನೋಡಿದರೆ ನಕಲು ಎಷ್ಟು ಹಿಂದೆ ಬಿದ್ದಿದೆ ಅನ್ನುವುದೂ ಸುಮ್ನೆ ಸಿಗುತ್ತದೆ.

ಆ ಪರೀಕ್ಷೆಯಲ್ಲಿ ದೊಡ್ಡ ಟೇಬಲ್‌ನ ಸಾಲುಗಳನ್ನೆಲ್ಲ ಎಣಿಸುವ ಕ್ವೆರಿ ಮಾತ್ರ ಹಾಕಬೇಡಿ. 10 ಸೆಕೆಂಡಿಗೊಮ್ಮೆ ಕೋಟಿ ಸಾಲು ಎಣಿಸುವ ಮಾನಿಟರಿಂಗ್ ಅಂದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಪರೀಕ್ಷೆಯನ್ನು ಎಲ್ಲಿಂದ ಓಡಿಸುತ್ತೀರಿ ಅನ್ನುವುದೂ ಮುಖ್ಯ. ಡೇಟಾಬೇಸ್ ಇರುವ ಸರ್ವರ್‌ನಲ್ಲೇ ಕೂತು ಅದನ್ನೇ ಕೇಳಿದರೆ ನಡುವಿನ ನೆಟ್‌ವರ್ಕ್, ಫೈರ್‌ವಾಲ್, ಡಿಎನ್‌ಎಸ್ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಆ ಸರ್ವರ್ ಸತ್ತರೆ ಸತ್ತ ಸುದ್ದಿ ಹೇಳಲಿಕ್ಕೂ ಯಾರೂ ಉಳಿಯುವುದಿಲ್ಲ. ಆದ್ದರಿಂದ ಒಂದು ಪರೀಕ್ಷೆ ಆ್ಯಪ್ ಸರ್ವರ್ ಇರುವ ಜಾಗದಿಂದ, ಆ್ಯಪ್ ಬಳಸುವ ದಾರಿಯಲ್ಲೇ, ಆ್ಯಪ್‌ಗೆ ಇರುವಷ್ಟೇ ಅಧಿಕಾರದ ಸಾಮಾನ್ಯ ಯೂಸರ್ ಆಗಿ ಹೋಗಬೇಕು.

ಈಗ ಸಮಯದ ವಿಷಯ

"ಸರಾಸರಿ ರೆಸ್ಪಾನ್ಸ್ ಟೈಮ್ 70 ಮಿಲಿಸೆಕೆಂಡ್." ಕೇಳಲಿಕ್ಕೆ ಚೆನ್ನಾಗಿದೆ ಅಲ್ವಾ? ಈ ಲೆಕ್ಕ ನೋಡಿ. 100 ಕ್ವೆರಿಗಳಲ್ಲಿ 97ಕ್ಕೆ ತಲಾ 10 ಮಿಲಿಸೆಕೆಂಡ್ ಹಿಡಿಯಿತು, ಉಳಿದ 3ಕ್ಕೆ ತಲಾ 2 ಸೆಕೆಂಡ್. ಒಟ್ಟು 6,970 ಮಿಲಿಸೆಕೆಂಡ್, ಭಾಗಿಸಿದರೆ ಹೆಚ್ಚುಕಮ್ಮಿ 70. ಆದರೆ ಆ ನೂರರಲ್ಲಿ 70 ಮಿಲಿಸೆಕೆಂಡ್ ಹಿಡಿದ ಕ್ವೆರಿ ಒಂದೂ ಇಲ್ಲ. ಯಾರ ಅನುಭವಕ್ಕೂ ಬಾರದ ಒಂದು ಅಂಕಿಯನ್ನು ಗೋಡೆಯ ಮೇಲಿನ ಟಿವಿಯಲ್ಲಿ ದೊಡ್ಡದಾಗಿ ಹಾಕಿಕೊಂಡು ಕೂತಿರುತ್ತೇವೆ.

ಅದಕ್ಕೇ ಪರ್ಸೆಂಟೈಲ್ ಅನ್ನುವುದು. ನೂರು ಕ್ವೆರಿಗಳನ್ನು ಬೇಗ ಮುಗಿದದ್ದರಿಂದ ತಡವಾಗಿ ಮುಗಿದದ್ದರವರೆಗೆ ಸಾಲಾಗಿ ನಿಲ್ಲಿಸಿ. 50ನೆಯದು ಎಷ್ಟು ಹೊತ್ತು ತಗೊಂಡಿತು, 95ನೆಯದು ಎಷ್ಟು, 99ನೆಯದು ಎಷ್ಟು ಅಂತ ಕೇಳಿ. ಇವೇ ಪಿ50, ಪಿ95, ಪಿ99. ಮೇಲಿನ ಉದಾಹರಣೆಯಲ್ಲಿ ಪಿ50 ಅಂದರೆ 10 ಮಿಲಿಸೆಕೆಂಡ್, ಪಿ95 ಕೂಡ 10 ಮಿಲಿಸೆಕೆಂಡ್, ಪಿ99 ಮಾತ್ರ 2 ಸೆಕೆಂಡ್. ಅಂದರೆ ಪಿ95 ನೋಡಿಕೊಂಡು ನೆಮ್ಮದಿಯಾಗಿದ್ದವರಿಗೂ ಇಲ್ಲಿ ಮೋಸವೇ.

"ನೂರಕ್ಕೆ ಮೂರು ತಾನೇ, ಬಿಡಿ" ಅನ್ನಬಹುದು. ಆದರೆ ಒಂದು ಪೇಜ್ ತೆರೆಯಲು ಒಂದೇ ಕ್ವೆರಿ ಸಾಕಾಗುವ ಕಾಲ ಯಾವತ್ತೋ ಹೋಯಿತು. ನಮ್ಮ ಬಿಲ್ ಪೇಜ್ ಒಂದಕ್ಕೇ ಸುಮಾರು 20 ಕ್ವೆರಿ ಓಡುತ್ತವೆ: ಗ್ರಾಹಕ ಯಾರು, ಬಾಕಿ ಎಷ್ಟು, ಸ್ಟಾಕ್ ಎಷ್ಟು, ತೆರಿಗೆ ದರ ಎಷ್ಟು, ಹೀಗೆ. ಪ್ರತಿ ಕ್ವೆರಿಯೂ ಬೇರೆ ಬೇರೆಯಾಗಿ ನೂರಕ್ಕೆ ಮೂರು ಸಲ ತಡವಾಗುತ್ತದೆ ಅಂದುಕೊಂಡರೆ, ಇಪ್ಪತ್ತರಲ್ಲಿ ಒಂದಾದರೂ ತಡವಾಗುವ ಸಾಧ್ಯತೆ ನೂರಕ್ಕೆ 46. ಹೆಚ್ಚುಕಮ್ಮಿ ಎರಡು ಪೇಜ್‌ಗೆ ಒಂದು! ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಜ್ ಬರೋಸೊ 2013ರಲ್ಲಿ ಬರೆದ ಲೇಖನದಲ್ಲಿ ಇದೇ ಲೆಕ್ಕ ದೊಡ್ಡ ಮಟ್ಟದಲ್ಲಿದೆ: ಒಂದು ಕೋರಿಕೆಗೆ 100 ಸರ್ವರ್‌ಗಳ ಉತ್ತರ ಬೇಕು, ಪ್ರತಿಯೊಂದೂ ನೂರಕ್ಕೆ ಒಂದು ಸಲ ಮಾತ್ರ ನಿಧಾನ ಅಂತಿದ್ದರೂ ನೂರಕ್ಕೆ 63 ಕೋರಿಕೆ ನಿಧಾನವಾಗುತ್ತವೆ.

ಇನ್ನೊಂದು ಸಣ್ಣ ಎಚ್ಚರಿಕೆ. ಪರ್ಸೆಂಟೈಲ್‌ಗಳನ್ನು ಕೂಡಿಸಿ ಭಾಗಿಸುವಂತಿಲ್ಲ. ಎರಡು ಸರ್ವರ್‌ಗಳ ಪಿ99 ತಗೊಂಡು ಸರಾಸರಿ ಮಾಡಿದರೆ ಬರುವುದು ಪಿ99 ಅಲ್ಲ, ಅದು ಏನೂ ಅಲ್ಲ. ಪ್ರೊಮಿಥಿಯಸ್‌ನಂಥ ಟೂಲ್‌ಗಳು 10 ಮಿಲಿಸೆಕೆಂಡ್ ಒಳಗೆ ಎಷ್ಟು ಮುಗಿದವು, 50ರ ಒಳಗೆ ಎಷ್ಟು, 100ರ ಒಳಗೆ ಎಷ್ಟು ಅಂತ ಡಬ್ಬಿ ಡಬ್ಬಿಯಾಗಿ ಎಣಿಸಿ ಇಡುವುದು ಇದೇ ಕಾರಣಕ್ಕೆ. ಎಣಿಕೆಗಳನ್ನಾದರೆ ಧಾರಾಳವಾಗಿ ಕೂಡಿಸಬಹುದು.

ನಿಧಾನವೇ ಬೆಳೆದು ಡೌನ್ ಆಗುತ್ತದೆ

ರೆಸ್ಪಾನ್ಸ್ ಟೈಮ್ ಒಂದು ವಿಷಯ, ಅವೈಲಬಿಲಿಟಿ, ಅಂದರೆ ಸೇವೆ ಸಿಗುತ್ತಿದೆಯಾ ಅನ್ನುವುದು, ಇನ್ನೊಂದು ವಿಷಯ ಅಂತ ಎಲ್ಲರೂ ಬೇರೆ ಬೇರೆ ಗ್ರಾಫ್ ಇಡುತ್ತಾರೆ. ನನ್ನ ಪ್ರಕಾರ ಎರಡೂ ಒಂದೇ ಕಾಯಿಲೆ. ಮೊದಲು ಜ್ವರ, ಆಮೇಲೆ ಹಾಸಿಗೆ.

ಮತ್ತೆ ದರ್ಶಿನಿಗೆ ಬನ್ನಿ. ನಿಮಿಷಕ್ಕೆ 10 ಜನ ಒಳಗೆ ಬರುತ್ತಾರೆ, ಪ್ರತಿಯೊಬ್ಬರೂ 6 ನಿಮಿಷ ಇರುತ್ತಾರೆ ಅಂದರೆ ಯಾವಾಗ ನೋಡಿದರೂ ಒಳಗೆ ಸುಮಾರು 60 ಜನ. ಬರುವವರ ಸಂಖ್ಯೆ ಅಷ್ಟೇ ಇದ್ದು, ದೋಸೆ ತಡವಾಗಿ ಒಬ್ಬೊಬ್ಬರೂ 18 ನಿಮಿಷ ನಿಂತರೆ ಒಳಗೆ 180 ಜನ, ಕಾಲಿಡಲಿಕ್ಕೆ ಜಾಗ ಇಲ್ಲ. ಇದಕ್ಕೆ ಲಿಟಲ್ಸ್ ಲಾ ಅಂತ ಹೆಸರು. ಜಾನ್ ಲಿಟಲ್ ಅನ್ನುವವರು 1961ರಲ್ಲಿ ಸಾಧಿಸಿ ತೋರಿಸಿದ್ದು. ಬರುವ ವೇಗವನ್ನು ಇರುವ ಸಮಯದಿಂದ ಗುಣಿಸಿದರೆ ಒಳಗಿರುವವರ ಸಂಖ್ಯೆ, ಅಷ್ಟೇ ಸೂತ್ರ.

ಪೋಸ್ಟ್‌ಗ್ರೆಸ್‌ನಲ್ಲಿ ನೀವು ಏನೂ ಬದಲಿಸದಿದ್ದರೆ ಒಂದೇ ಸಲಕ್ಕೆ 100 ಕನೆಕ್ಷನ್‌ಗೆ ಜಾಗ. ಅದರಲ್ಲೂ 3 ಜಾಗ ಎಲ್ಲಾ ಅಧಿಕಾರ ಇರುವ ಸೂಪರ್‌ಯೂಸರ್‌ಗೆ ಮೀಸಲು. ಸೆಕೆಂಡಿಗೆ 200 ಕ್ವೆರಿ ಬರುತ್ತಿವೆ, ಒಂದೊಂದೂ 20 ಮಿಲಿಸೆಕೆಂಡ್ ಹಿಡಿಯುತ್ತದೆ ಅಂದರೆ ಕೆಲಸದಲ್ಲಿರುವ ಕನೆಕ್ಷನ್ ಬರೀ 4. ಯಾವುದೋ ಇಂಡೆಕ್ಸ್ ಬಿಟ್ಟುಹೋಗಿ ಅದೇ ಕ್ವೆರಿ ಅರ್ಧ ಸೆಕೆಂಡ್ ತಗೊಳ್ಳಲು ಶುರುಮಾಡಿತು ಅನ್ನಿ. 200ನ್ನು ಅರ್ಧದಿಂದ ಗುಣಿಸಿ: 100. ಬರುವವರು ಒಬ್ಬರೂ ಜಾಸ್ತಿ ಆಗಿಲ್ಲ, ಬರೀ ಅರ್ಧ ಸೆಕೆಂಡಿನ ನಿಧಾನ, ಮನೆ ತುಂಬಿಹೋಯಿತು. ಮುಂದೆ ಬಂದವರಿಗೆ "ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ" ಅನ್ನುವ ಎರರ್. ಪಾಪ, ಡೇಟಾಬೇಸ್ ಸಾರಿ ಕೂಡ ಕೇಳುತ್ತದೆ. ಬಳಕೆದಾರರ ಕಣ್ಣಿಗೆ ಇದು ನಿಧಾನ ಅಲ್ಲ, ಡೌನ್.

ಆಗ ಎಲ್ಲರೂ ಮೊದಲು ಮಾಡುವ ಕೆಲಸ ಆ 100ನ್ನು 500ಕ್ಕೆ ಏರಿಸುವುದು. ಅಡುಗೆಮನೆಯಲ್ಲಿ ಇರುವುದು ಅದೇ ಒಂದು ಕಾವಲಿ, ಹಾಲ್‌ನಲ್ಲಿ ಮಾತ್ರ 400 ಜನ ಹೆಚ್ಚು ನಿಲ್ಲಬಹುದು ಅಂದರೆ ದೋಸೆ ಬೇಗ ಬರುತ್ತದಾ? ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಕನೆಕ್ಷನ್‌ಗೂ ಒಂದೊಂದು ಪ್ರೊಸೆಸ್ ಹುಟ್ಟುತ್ತದೆ, ಮೆಮೊರಿ ಬೇರೆ ಖರ್ಚು. ಪಿಜಿಬೌನ್ಸರ್‌ನಂಥ ಪೂಲರ್ (ಕೆಲವೇ ಕನೆಕ್ಷನ್‌ಗಳನ್ನು ಎಲ್ಲರಿಗೂ ಹಂಚುವ ಟೂಲ್) ಇಟ್ಟು ಜನರನ್ನು ಬಾಗಿಲಾಚೆ ಸಾಲಿನಲ್ಲಿ ನಿಲ್ಲಿಸುವುದೇ ವಾಸಿ.

ಸರ್ವರ್ ಎಷ್ಟು ತುಂಬಿದೆ ಅನ್ನುವುದಕ್ಕೂ ಸಮಯಕ್ಕೂ ನೇರ ಸಂಬಂಧ ಇಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಕೌಂಟರ್, ಜನ ಮನಸ್ಸಿಗೆ ಬಂದ ಹಾಗೆ ಬರುತ್ತಾರೆ ಅನ್ನುವ ಸರಳ ಲೆಕ್ಕದಲ್ಲಿ, ಶೇಕಡಾ 50 ತುಂಬಿದ್ದಾಗ ಕಾಯುವುದೂ ಸೇರಿ ಒಟ್ಟು ಸಮಯ ಕೆಲಸದ ಸಮಯದ 2 ಪಟ್ಟು. ಶೇಕಡಾ 80ರಲ್ಲಿ 5 ಪಟ್ಟು. 90ರಲ್ಲಿ 10 ಪಟ್ಟು. 95ರಲ್ಲಿ 20 ಪಟ್ಟು. ನಿಜವಾದ ಸರ್ವರ್ ಇಷ್ಟು ಸರಳ ಅಲ್ಲ, ಆದರೆ ಗೆರೆಯ ಆಕಾರ ಹೀಗೇ: ಬಹಳ ಹೊತ್ತು ನೆಲ ಹಿಡಿದು ಹೋಗಿ, ಕೊನೆಯಲ್ಲಿ ಗೋಡೆ ಹತ್ತುತ್ತದೆ. "ನಿನ್ನೆಯವರೆಗೂ ಚೆನ್ನಾಗಿತ್ತು ಸಾರ್" ಅನ್ನುವ ಮಾತು ಸುಳ್ಳಲ್ಲ. ನಿನ್ನೆ 85ರಲ್ಲಿದ್ದರು, ಇವತ್ತು 95ಕ್ಕೆ ಬಂದಿದ್ದಾರೆ.

ನನ್ನ ಸಾರನ್ನದ ಕಥೆ

ಆವತ್ತು ಏನಾಗಿತ್ತು? ನಾನು ಯಾವುದೋ ಹಳೆಯ ಬಿಲ್ ಹುಡುಕಲು ಲ್ಯಾಪ್‌ಟಾಪ್‌ನಿಂದ ಡೇಟಾಬೇಸ್‌ಗೆ ಹೋಗಿ, ಅಭ್ಯಾಸಬಲದಿಂದ "ಬಿಗಿನ್" ಅಂತ ಹೊಡೆದು ಟ್ರಾನ್ಸಾಕ್ಷನ್ (ಒಟ್ಟಿಗೆ ಮುಗಿಯಬೇಕಾದ ಕೆಲಸಗಳ ಕಂತೆ) ಶುರುಮಾಡಿ, ಬಿಲ್ ಟೇಬಲ್ ಮೇಲೆ ಒಂದು ಸೆಲೆಕ್ಟ್ ಓಡಿಸಿದ್ದೆ. ಉತ್ತರ ಬಂತು. ಟ್ರಾನ್ಸಾಕ್ಷನ್ ಮುಗಿಸದೆ ಊಟಕ್ಕೆ ಎದ್ದೆ. ಬರೀ ಓದಿದ್ದು, ಯಾರಿಗೂ ತೊಂದರೆ ಇಲ್ಲ. ಆದರೆ ಓದಿದ ಟೇಬಲ್ ಮೇಲೆ ಹಗುರವಾದ ಒಂದು ಲಾಕ್ ಉಳಿದಿರುತ್ತದೆ, ಟ್ರಾನ್ಸಾಕ್ಷನ್ ಮುಗಿಯುವ ತನಕ. ಒಂದು ಗಂಟೆ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಅದೇ ಟೇಬಲ್‌ಗೆ ಹೊಸ ಕಾಲಂ ಸೇರಿಸುವ ಆಲ್ಟರ್ ಟೇಬಲ್ ಬಿಟ್ಟರು. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ, ಆದರೆ ಅದಕ್ಕೆ ಟೇಬಲ್ ಪೂರ್ತಿ ತನ್ನೊಬ್ಬನಿಗೇ ಬೇಕು. ನನ್ನ ಲಾಕ್ ಬಿಡುವುದನ್ನೇ ಕಾಯುತ್ತಾ ನಿಂತಿತು. ಅದರ ಹಿಂದೆ ಬಂದ ಆ್ಯಪ್‌ನ ಸೆಲೆಕ್ಟ್‌ಗಳಿಗೆ ನನ್ನ ಜೊತೆ ಯಾವ ಜಗಳವೂ ಇಲ್ಲ, ಆದರೂ ಪೋಸ್ಟ್‌ಗ್ರೆಸ್ ಅವುಗಳನ್ನು ಆಲ್ಟರ್ ಹಿಂದೆಯೇ ಸಾಲಿನಲ್ಲಿ ನಿಲ್ಲಿಸಿತು. ಒಂದೇ ಲೇನ್ ರಸ್ತೆಯಲ್ಲಿ ಅಡ್ಡ ತಿರುಗಿಸಲು ಕಾಯುತ್ತಿರುವ ಲಾರಿಯ ಹಿಂದೆ ಬೈಕ್‌ಗಳೆಲ್ಲ ನಿಂತ ಹಾಗೆ. ಆ್ಯಪ್‌ನ ಪೂಲ್‌ನಲ್ಲಿದ್ದ 40 ಕನೆಕ್ಷನ್ ಒಂದೊಂದಾಗಿ ಹೋಗಿ ಸಾಲಿಗೆ ಸೇರಿದವು. ಯಾರೂ ಕೆಲಸ ಮಾಡುತ್ತಿಲ್ಲ, ಎಲ್ಲರೂ ಕಾಯುತ್ತಿದ್ದಾರೆ, ಅದಕ್ಕೇ ಸಿಪಿಯು ಶೇಕಡಾ 4.

ಇಲ್ಲಿ ನನಗೆ ನಿಜಕ್ಕೂ ಆಶ್ಚರ್ಯ ಆದದ್ದು ರೆಸ್ಪಾನ್ಸ್ ಟೈಮ್ ಗ್ರಾಫ್ ನೋಡಿ. ಆ 25 ನಿಮಿಷದಲ್ಲಿ ಅದು ಏರಿರಲಿಲ್ಲ, ಇಳಿದಿತ್ತು! ಯಾಕೆಂದರೆ ಕ್ವೆರಿಗಳ ಲೆಕ್ಕ ಇಡುವ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಆಗಲಿ, ನಿಧಾನ ಕ್ವೆರಿಗಳ ಲಾಗ್ ಆಗಲಿ, ಕ್ವೆರಿ ಮುಗಿದ ಮೇಲೆಯೇ ಸಮಯ ಬರೆದುಕೊಳ್ಳುತ್ತವೆ. ಮುಗಿಯದ ಕ್ವೆರಿಗೆ ಸಮಯವೇ ಇಲ್ಲ. ಭಾರಿ ಕ್ವೆರಿಗಳೆಲ್ಲ ಸಾಲಿನಲ್ಲಿ ಸಿಕ್ಕಿಕೊಂಡು, ಲೆಕ್ಕಕ್ಕೆ ಸಿಕ್ಕಿದ್ದು ಬಿಲ್ ಟೇಬಲ್ ಮುಟ್ಟದ ಚಿಲ್ಲರೆ ಕ್ವೆರಿಗಳು ಮಾತ್ರ. ದೋಸೆ ಸಿಗದೆ ನಿಂತವರನ್ನು ಬಿಟ್ಟು, ಬರೀ ನೀರು ಕುಡಿದು ಹೋದವರನ್ನು ಕೇಳಿ "ಸರ್ವೀಸ್ ಫಾಸ್ಟ್" ಅಂತ ಬರೆದುಕೊಂಡ ಹಾಗೆ.

ಹಾಗಾಗಿ ಮುಗಿದದ್ದರ ಲೆಕ್ಕದ ಜೊತೆ ಮುಗಿಯದ್ದರ ವಯಸ್ಸೂ ಬೇಕು. ಅದು ಸಿಗುವುದು ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ಅನ್ನುವ ನೋಟದಲ್ಲಿ. ಈ ಕ್ಷಣ ಯಾವ್ಯಾವ ಕನೆಕ್ಷನ್ ಏನು ಮಾಡುತ್ತಿದೆ ಅಂತ ಒಂದೊಂದು ಸಾಲು. ಆವತ್ತು ಕೈ ತೊಳೆದು ಬಂದು ಅದನ್ನು ತೆಗೆದಾಗ ಹೀಗಿತ್ತು: 40 ಸಾಲಿನಲ್ಲಿ ವೇಟ್ ಈವೆಂಟ್ ಟೈಪ್ (ಯಾತಕ್ಕೆ ಕಾಯುತ್ತಿದೆ) ಜಾಗದಲ್ಲಿ "ಲಾಕ್". ಒಂದು ಸಾಲು ಆಲ್ಟರ್ ಟೇಬಲ್, ಅದೂ "ಲಾಕ್". ಇನ್ನೊಂದು ಸಾಲು "ಐಡಲ್ ಇನ್ ಟ್ರಾನ್ಸಾಕ್ಷನ್", ಅಂದರೆ ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನೆ ಕೂತದ್ದು, ಶುರುವಾಗಿ 37 ನಿಮಿಷ, ಬಂದ ವಿಳಾಸ ನನ್ನದೇ ಲ್ಯಾಪ್‌ಟಾಪ್. ಯಾರು ಯಾರನ್ನು ತಡೆದಿದ್ದಾರೆ ಅಂತ ಹೇಳಲು ಪಿಜಿ_ಬ್ಲಾಕಿಂಗ್_ಪಿಡ್ಸ್ ಅನ್ನುವ ಫಂಕ್ಷನ್ ಇದೆ, ಆದರೆ ಅದು ಬೇಕಾಗಲಿಲ್ಲ. ಲ್ಯಾಪ್‌ಟಾಪ್ ತೆರೆದು "ರೋಲ್‌ಬ್ಯಾಕ್" ಅಂತ ಹೊಡೆದು ಟ್ರಾನ್ಸಾಕ್ಷನ್ ಮುಗಿಸಿದೆ. ಎರಡು ಸೆಕೆಂಡಿನಲ್ಲಿ ಎಲ್ಲಾ ಹರಿದುಹೋಯಿತು.

ಆಮೇಲೆ ಗ್ರಾಫ್‌ಗಳಲ್ಲಿ ಮೂರು ಅಂಕಿ ಹೊಸದಾಗಿ ಸೇರಿದವು. ಅತಿ ಹಳೆಯ ತೆರೆದ ಟ್ರಾನ್ಸಾಕ್ಷನ್‌ಗೆ ಎಷ್ಟು ವಯಸ್ಸು, ಲಾಕ್‌ಗೆ ಕಾಯುತ್ತಿರುವವರು ಎಷ್ಟು ಮಂದಿ, 100 ಕನೆಕ್ಷನ್‌ನಲ್ಲಿ ಎಷ್ಟು ಭರ್ತಿ. ಈ ಮೂರನ್ನು 15 ಸೆಕೆಂಡಿಗೊಮ್ಮೆ ನೋಡಿದರೂ ಸರ್ವರ್‌ಗೆ ಭಾರವಲ್ಲ. ಇದನ್ನು ನೋಡುವ ಯೂಸರ್‌ಗೆ ಸೂಪರ್‌ಯೂಸರ್ ಪಟ್ಟ ಕೊಡಬೇಡಿ. ಪೋಸ್ಟ್‌ಗ್ರೆಸ್ 10ರಿಂದ ಪಿಜಿ_ಮಾನಿಟರ್ ಅಂತಲೇ ಒಂದು ರೋಲ್ ಇದೆ, ಅದು ಸಾಕು. 16ನೇ ಆವೃತ್ತಿಯಲ್ಲಿ ಇಂಥ ಯೂಸರ್‌ಗಳಿಗೆ ಅಂತ ಕೆಲವು ಕನೆಕ್ಷನ್ ಬೇರೆಯಾಗಿ ಮೀಸಲಿಡುವ ಸೌಲಭ್ಯವೂ ಬಂತು, ಮನೆ ಪೂರ್ತಿ ತುಂಬಿದಾಗಲೂ ಡಾಕ್ಟರ್ ಒಳಗೆ ಹೋಗಬೇಕಲ್ಲ. ಆದರೆ ಮೇಲೆ ಹೇಳಿದ ನಾಲ್ಕನೇ ಪರೀಕ್ಷೆ ಮಾತ್ರ ಈ ಹಿಂಬಾಗಿಲಿಂದ ಹೋಗಬಾರದು. ಅದು ಗಿರಾಕಿಯ ಹಾಗೆ ಸಾಲಿನಲ್ಲೇ ನಿಲ್ಲಬೇಕು, ಇಲ್ಲದಿದ್ದರೆ ಮತ್ತೆ ಅದೇ ಸುಳ್ಳು ಹಸಿರು.

ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಕೆಲಸಕ್ಕೆ ಬಾರದ್ದು ಅಂತ ತಿಳಿಯಬೇಡಿ, ದಿನನಿತ್ಯದ ಕೆಲಸಕ್ಕೆ ಅದರಷ್ಟು ಉಪಯೋಗದ್ದು ಇನ್ನೊಂದಿಲ್ಲ. ಅದರಲ್ಲಿರುವ ಅಂಕಿಗಳು ಕೂಡುತ್ತಲೇ ಹೋಗುವಂಥವು, ಮನೆಯ ಕರೆಂಟ್ ಮೀಟರ್ ಥರ. ಅದಕ್ಕೇ ಎರಡು ಸಲ ಓದಿ ವ್ಯತ್ಯಾಸ ತೆಗೆಯಬೇಕು. ವಿಂಗಡಿಸುವಾಗ ಸರಾಸರಿ ಸಮಯದಿಂದ ವಿಂಗಡಿಸಬೇಡಿ, ಒಟ್ಟು ಸಮಯದಿಂದ ವಿಂಗಡಿಸಿ. ರಾತ್ರಿ ಒಂದು ಸಲ ಓಡುವ 40 ಸೆಕೆಂಡಿನ ವರದಿಯನ್ನು ಎಲ್ಲರೂ ಬೈಯುತ್ತಾರೆ. 3 ಮಿಲಿಸೆಕೆಂಡಿನ ಒಂದು ಕ್ವೆರಿ ದಿನಕ್ಕೆ 10 ಲಕ್ಷ ಸಲ ಓಡಿ ಒಟ್ಟು 50 ನಿಮಿಷ ತಿನ್ನುತ್ತಿರುತ್ತದೆ, ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನಿಧಾನ ಕ್ವೆರಿಗಳ ಲಾಗ್ ಪೋಸ್ಟ್‌ಗ್ರೆಸ್‌ನಲ್ಲಿ ಮೊದಲಿಗೆ ಆಫ್ ಆಗಿರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲೂ ಆಫ್, ಆನ್ ಮಾಡಿದರೂ ಮಿತಿ 10 ಸೆಕೆಂಡ್. ಹತ್ತು ಸೆಕೆಂಡ್ ಕಾಯುವಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡಿಗೆ ಹೋಗಿರುತ್ತಾನೆ. ನಾನು 500 ಮಿಲಿಸೆಕೆಂಡ್‌ಗೆ ಇಟ್ಟಿದ್ದೇನೆ.

ಒಂಬತ್ತುಗಳ ಲೆಕ್ಕ

ಅವೈಲಬಿಲಿಟಿ ಬಗ್ಗೆ ಮಾತಾಡುವಾಗ "ಮೂರು ನೈನ್", "ನಾಲ್ಕು ನೈನ್" ಅಂತ ಕೇಳಿರುತ್ತೀರಿ. ಶೇಕಡಾ 99.9 ಅಂದರೆ 30 ದಿನದ ತಿಂಗಳಲ್ಲಿ 43 ನಿಮಿಷ ಕೆಡಬಹುದು. ಶೇಕಡಾ 99.99 ಅಂದರೆ ವರ್ಷ ಪೂರ್ತಿಗೆ ಸೇರಿ ಸುಮಾರು 53 ನಿಮಿಷ. ಶೇಕಡಾ 99.999 ಅಂದರೆ ವರ್ಷಕ್ಕೆ 5 ನಿಮಿಷ ಚಿಲ್ಲರೆ, ಅಷ್ಟರಲ್ಲಿ ನಾನು ಲ್ಯಾಪ್‌ಟಾಪ್ ಹುಡುಕಿ ಪಾಸ್‌ವರ್ಡ್ ಹೊಡೆದಿರುತ್ತೇನೆ. ಆ್ಯಪ್ ಸರ್ವರ್ 99.9, ಡೇಟಾಬೇಸ್ 99.9, ಎರಡೂ ಇದ್ದರೇ ಕೆಲಸ ಅನ್ನುವುದಾದರೆ ಎರಡೂ ಸೇರಿ 99.8ಕ್ಕೆ ಇಳಿಯುತ್ತದೆ. ನನ್ನ ಆ ಒಂದು ಊಟ ತಿಂಗಳ 43 ನಿಮಿಷದಲ್ಲಿ 25 ನುಂಗಿತು.

ಎಣಿಸುವ ರೀತಿಯೂ ಮುಖ್ಯ. ನಿಮಿಷಕ್ಕೊಮ್ಮೆ ಪರೀಕ್ಷೆ ಮಾಡಿದರೆ ನಡುವೆ 40 ಸೆಕೆಂಡ್ ಸತ್ತು ಎದ್ದದ್ದು ನಿಮಗೆ ಗೊತ್ತೇ ಆಗದಿರಬಹುದು. 40 ಸೆಕೆಂಡ್ ಏನು ಮಹಾ ಅನ್ನಿಸಿದರೆ ಪ್ರೋಗ್ರಾಮರ್‌ಗಳು ಕೋಡ್ ಇಡುವ ಸೈಟ್ ಗಿಟ್‌ಹಬ್‌ಗೆ 2018ರ ಅಕ್ಟೋಬರ್ 21ರಂದು ಏನಾಯಿತು ನೋಡಿ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಅವರ ನೆಟ್‌ವರ್ಕ್ ಉಪಕರಣ ಬದಲಿಸುವಾಗ ಸಂಪರ್ಕ ಕಡಿದದ್ದು ಬರೀ 43 ಸೆಕೆಂಡ್. ಅಷ್ಟರಲ್ಲೇ ಅವರ ಮೈಎಸ್‌ಕ್ಯೂಎಲ್ ವ್ಯವಸ್ಥೆ ಪಶ್ಚಿಮ ಕರಾವಳಿಯ ಸರ್ವರ್‌ಗಳಿಗೆ ಯಜಮಾನಿಕೆ ಕೊಟ್ಟುಬಿಟ್ಟಿತು. ಪೂರ್ವದಲ್ಲಿ ಬರೆದ ಕೆಲವು ಸಾಲು ಪಶ್ಚಿಮಕ್ಕೆ ಹೋಗಿರಲಿಲ್ಲ, ಪಶ್ಚಿಮದಲ್ಲಿ ಹೊಸದಾಗಿ ಬರೆದದ್ದು ಪೂರ್ವದಲ್ಲಿ ಇರಲಿಲ್ಲ. ಡೇಟಾ ಕಳೆಯಬಾರದು ಅಂತ ನಿಧಾನವಾಗಿ ಸರಿಮಾಡುತ್ತಾ ಹೋದರು, ಸೇವೆ ಪೂರ್ತಿ ಸರಿಯಾಗಲು 24 ಗಂಟೆ 11 ನಿಮಿಷ ಹಿಡಿಯಿತು. ಆ ಇಡೀ ದಿನ ಸೈಟ್ ತೆರೆಯುತ್ತಿತ್ತು. ಪಿಂಗ್ ಮಾಡುವವರಿಗೆ ಅಪ್, ಹಳೆಯ ಮಾಹಿತಿ ನೋಡುತ್ತಿದ್ದವರಿಗೆ ಅಲ್ಲ.

ಇನ್ನು ಅಲರ್ಟ್. ಸಿಪಿಯು 90 ದಾಟಿದ್ದಕ್ಕೆಲ್ಲ ರಾತ್ರಿ ಎರಡು ಗಂಟೆಗೆ ಫೋನ್ ಬಡಿಯುವಂತೆ ಮಾಡಿದರೆ ಒಂದು ವಾರದಲ್ಲಿ ಎಲ್ಲರೂ ಫೋನ್ ಸೈಲೆಂಟ್‌ಗೆ ಹಾಕುತ್ತಾರೆ, ತೋಳ ನಿಜವಾಗಿ ಬಂದಾಗ ಕೇಳುವವರಿಲ್ಲ. ಬ್ಯಾಕಪ್ ಓಡುವಾಗ ಸಿಪಿಯು ಏರುವುದು ಸಹಜ. ಎಬ್ಬಿಸಬೇಕಾದ್ದು ಬಳಕೆದಾರರಿಗೆ ತಟ್ಟುವ ವಿಷಯಕ್ಕೆ ಮಾತ್ರ: ನಾಲ್ಕನೇ ಪರೀಕ್ಷೆ ಸತತ ಮೂರು ಸಲ ಫೇಲ್, ಪಿ99 ಐದು ನಿಮಿಷದಿಂದ 1 ಸೆಕೆಂಡ್ ಮೇಲೆ, ಹೀಗೆ. ಉಳಿದದ್ದು ಬೆಳಿಗ್ಗೆ ನೋಡಿದರೆ ಆಯಿತು. ಡಿಸ್ಕ್‌ಗೆ ಮಾತ್ರ "ಶೇಕಡಾ ಎಷ್ಟು ತುಂಬಿದೆ" ಅನ್ನುವುದಕ್ಕಿಂತ "ಈ ವೇಗದಲ್ಲಿ ಎಷ್ಟು ದಿನಕ್ಕೆ ತುಂಬುತ್ತದೆ" ಅಂತ ಕೇಳಿ. ಎಂದೋ ತೆಗೆದುಹಾಕಿದ ನಕಲು ಸರ್ವರ್‌ನ ರೆಪ್ಲಿಕೇಶನ್ ಸ್ಲಾಟ್ (ಅದು ಎಲ್ಲಿಯವರೆಗೆ ಓದಿದೆ ಅನ್ನುವ ಗುರುತು) ಹಾಗೇ ಉಳಿದಿದ್ದರೆ ಪೋಸ್ಟ್‌ಗ್ರೆಸ್ ಅದಕ್ಕಾಗಿ ವಾಲ್ ಫೈಲ್‌ಗಳನ್ನು (ಪ್ರತಿ ಬದಲಾವಣೆಯನ್ನೂ ಬರೆದಿಡುವ ಫೈಲ್‌ಗಳು) ಅಳಿಸದೆ ಇಟ್ಟುಕೊಳ್ಳುತ್ತಾ ಹೋಗುತ್ತದೆ, ಬಾರದ ನೆಂಟರಿಗೆ ಅಡುಗೆ ಮಾಡಿಡುವ ಅಜ್ಜಿಯ ಹಾಗೆ. ಡಿಸ್ಕ್ ತುಂಬಿ ಡೇಟಾಬೇಸ್ ನಿಲ್ಲುವ ದಾರಿಗಳಲ್ಲಿ ಇದೂ ಒಂದು.

ಅಂಕಿಗಳಿಗೆ ಹೋಲಿಕೆ ಬೇಕು, ಅದೂ ಅದೇ ಥರದ ದಿನದ ಅದೇ ಹೊತ್ತಿನ ಜೊತೆ. ನಮ್ಮ ಬಿಲ್ಲಿಂಗ್ ಸರ್ವರ್‌ಗೆ ತಿಂಗಳ 11 ಮತ್ತು 20ನೇ ತಾರೀಖು ಹತ್ತಿರ ಬಂದರೆ ಸಾಕು, ಜಿಎಸ್‌ಟಿ ರಿಟರ್ನ್ ಗಡುವು ಅಂತ ಎಲ್ಲರೂ ಒಟ್ಟಿಗೆ ವರದಿ ತೆಗೆಯಲು ಕೂರುತ್ತಾರೆ. ಆವತ್ತಿನ ಪಿ99ನ್ನು ಭಾನುವಾರದ ಪಿ99 ಜೊತೆ ಇಟ್ಟು ಹೆದರುವುದರಲ್ಲಿ ಅರ್ಥವಿಲ್ಲ, ಹೋದ ತಿಂಗಳ ಅದೇ ತಾರೀಖಿನ ಜೊತೆ ಇಟ್ಟು ನೋಡಬೇಕು.

ಕಾಯುವವನನ್ನು ಕಾಯುವವರು ಯಾರು ಅನ್ನುವ ಪ್ರಶ್ನೆ ಉಳಿಯಿತು. 2017ರ ಜನವರಿ 31ರಂದು ಗಿಟ್‌ಹಬ್ ಥರದ್ದೇ ಸೈಟ್ ಆದ ಗಿಟ್‌ಲ್ಯಾಬ್‌ನ ಎಂಜಿನಿಯರೊಬ್ಬರು ನಕಲು ಸರ್ವರ್ ಅಂದುಕೊಂಡು ಮುಖ್ಯ ಸರ್ವರ್‌ನ ಪೋಸ್ಟ್‌ಗ್ರೆಸ್ ಡೇಟಾ ಅಳಿಸಿಬಿಟ್ಟರು. ಸರಿ, ಬ್ಯಾಕಪ್ ಇದೆಯಲ್ಲ ಅಂತ ನೋಡಿದರೆ ಅದು ಇರಬೇಕಾದ ಜಾಗ ಖಾಲಿ. ಡೇಟಾಬೇಸ್ 9.6 ಆವೃತ್ತಿ, ಬ್ಯಾಕಪ್ ತೆಗೆಯುವ ಪಿಜಿ_ಡಂಪ್ 9.2, ಪ್ರತಿ ಸಲವೂ ಎರರ್ ಕೊಟ್ಟು ನಿಲ್ಲುತ್ತಿತ್ತು. ಎರರ್ ಆದಾಗ ಇಮೇಲ್ ಹೋಗುವ ಏರ್ಪಾಡೂ ಇತ್ತು, ಆದರೆ ಆ ಮೇಲ್‌ಗಳು ಡಿಮಾರ್ಕ್ ನಿಯಮಕ್ಕೆ (ಮೇಲ್ ಕಳಿಸಿದವರು ಅಸಲಿಯಾ ಅಂತ ನೋಡುವುದು) ಹೊಂದದೆ ತಿರಸ್ಕಾರವಾಗುತ್ತಿದ್ದವು. ಕೊನೆಗೆ ಆರು ಗಂಟೆ ಹಳೆಯ ಪ್ರತಿಯಿಂದ ಎದ್ದು ನಿಂತರು, ಆ ಆರು ಗಂಟೆಯ ಡೇಟಾ ಹೋಯಿತು.

ಇದಕ್ಕೆ ಮದ್ದು ಸಂದೇಶವನ್ನು ತಲೆಕೆಳಗು ಮಾಡುವುದು. ಕೆಟ್ಟಾಗ ಹೇಳು ಅನ್ನುವ ಬದಲು, ಸರಿಯಿರುವಷ್ಟು ಹೊತ್ತು ಹೇಳುತ್ತಲೇ ಇರು, ಸುಮ್ಮನಾದರೆ ಕೆಟ್ಟಿದೆ ಅಂತ ತಿಳಿಯುತ್ತೇವೆ ಅನ್ನುವುದು. ನಮ್ಮಲ್ಲಿ ಬ್ಯಾಕಪ್ ಮುಗಿದ ಕೂಡಲೇ, ಹಾಗೆಯೇ ಮಾನಿಟರಿಂಗ್ ಸರ್ವರ್‌ನಿಂದಲೇ 5 ನಿಮಿಷಕ್ಕೊಮ್ಮೆ, ಹೊರಗಿನ ಬೇರೊಂದು ಜಾಗಕ್ಕೆ "ಇದ್ದೀನಿ" ಅಂತ ಒಂದು ಸಂದೇಶ ಹೋಗುತ್ತದೆ. ಬರದಿದ್ದರೆ ಆ ಜಾಗ ನನಗೆ ಫೋನ್ ಮಾಡುತ್ತದೆ.

ಊಟದ ಪ್ರಸಂಗದ ಮರುದಿನವೇ ಎರಡು ಸಾಲು ಕಾನ್ಫಿಗರೇಶನ್ ಸೇರಿತು. ಲಾಕ್‌ಗಾಗಿ 3 ಸೆಕೆಂಡಿಗಿಂತ ಜಾಸ್ತಿ ಕಾಯಬೇಡ ಅಂತ ಟೇಬಲ್ ಬದಲಿಸುವ ಸ್ಕ್ರಿಪ್ಟ್‌ಗಳಿಗೆ ಲಾಕ್ ಟೈಮ್‌ಔಟ್. ಮತ್ತೆ, ತೆರೆದಿಟ್ಟು ಸುಮ್ಮನೆ ಕೂತ ಟ್ರಾನ್ಸಾಕ್ಷನ್‌ಗಳನ್ನು 5 ನಿಮಿಷಕ್ಕೆ ಹೊರಗೆ ಹಾಕುವ ಟೈಮ್‌ಔಟ್, ಪೋಸ್ಟ್‌ಗ್ರೆಸ್ 9.6ರಿಂದ ಇದ್ದರೂ ನಾವೇ ಹಾಕುವ ತನಕ ಆಫ್ ಆಗಿರುವಂಥದ್ದು. ಮೂರು ವಾರ ಆದ ಮೇಲೆ ಕಾಫಿ ಕುಡಿದು ಬಂದು ಲ್ಯಾಪ್‌ಟಾಪ್ ನೋಡಿದರೆ, ಐಡಲ್ ಇನ್ ಟ್ರಾನ್ಸಾಕ್ಷನ್ ಕಾರಣಕ್ಕೆ ಕನೆಕ್ಷನ್ ಕಡಿದಿದ್ದೇನೆ ಅಂತ ಒಂದು ಸಾಲು. ಆಚೆ ಕೌಂಟರ್‌ನಲ್ಲಿ ಬಿಲ್ ಹೊಡೆಯುತ್ತಲೇ ಇದ್ದರು.